ಕಾಕಾನ ಕೈಯಲ್ಲಿರುವ ವಿದ್ಯೆ ಅಂಗಡಿಯಲ್ಲೇ ಉಳಿಯಬೇಕಾದರೆ: ಎಕ್ಸ್‌ಪರ್ಟ್ ಸಿಸ್ಟಮ್ ಎಂದರೇನು, ತರುವುದು ಹೇಗೆ

ಹುಬ್ಬಳ್ಳಿಯ ತಾರಿಹಾಳ ಇಂಡಸ್ಟ್ರಿಯಲ್ ಏರಿಯಾದ ಕಾರ್ಖಾನೆಗೆ ಹೋಗಿ, ಗದಗಿನ ಹಳೇ ಪ್ರಿಂಟಿಂಗ್ ಪ್ರೆಸ್ಸಿಗೆ ಹೋಗಿ, ರಾಣೆಬೆನ್ನೂರಿನ ಬೀಜದ ಕಂಪನಿಗೆ ಹೋಗಿ, ಬ್ಯಾಡಗಿಯ ಮೆಣಸಿನಕಾಯಿ ಅಂಗಡಿಗೆ ಹೋಗಿ. ಎಲ್ಲ ಕಡೆ ಒಬ್ಬರು ಇದ್ದೇ ಇರುತ್ತಾರೆ. ಮಾಲೀಕರು ಬೇರೆ, ಮ್ಯಾನೇಜರ್ ಬೇರೆ. ಆದರೆ ತಲೆಕೆಡಿಸುವ ತೀರ್ಮಾನ ಬಂದಾಗ "ಅವರನ್ನ ಒಂದ್ ಮಾತು ಕೇಳ್ರಿ" ಎಂದು ಎಲ್ಲರೂ ಬೆರಳು ತೋರಿಸುವುದು ಅವರ ಕಡೆಗೇ. ಯಾವ ಎರಕದಲ್ಲಿ ಒಳಗೆ ಗಾಳಿಗುಳ್ಳೆ ಇದೆ, ಯಾವ ಲಾಟ್ ಕೊಳ್ಳಬೇಕು, ಯಾವ ಗಿರಾಕಿಗೆ ಉದ್ದರಿ ಕೊಡಬೇಕು ಎಂಬುದು ಅವರಿಗೆ ಗೊತ್ತು. ಅವರು ರಜೆ ಹಾಕಿದ ದಿನ ಮಾಲು ಅಂಗಳದಲ್ಲೇ ಕಾಯುತ್ತದೆ. ಅವರು ಕೆಲಸ ಬಿಟ್ಟರೆ ಮುಂದೇನು ಎಂಬ ಯೋಚನೆ ಬರುವ ಹೊತ್ತಿಗೆ ಹೆಚ್ಚಿನ ಕಡೆ ತಡವಾಗಿರುತ್ತದೆ.

ಕಂಪ್ಯೂಟರ್ ಜಗತ್ತಿನಲ್ಲಿ ಇದಕ್ಕೆ ಸುಮಾರು 60 ವರ್ಷ ಹಳೆಯ ಉತ್ತರವೊಂದಿದೆ. ಅದೇ ಎಕ್ಸ್‌ಪರ್ಟ್ ಸಿಸ್ಟಮ್. ಒಂದು ಕೆಲಸದಲ್ಲಿ ಪಳಗಿದವರು ಹೇಗೆ ಯೋಚಿಸುತ್ತಾರೆ ಎಂಬುದನ್ನು "ಹೀಗಿದ್ದರೆ ಹೀಗೆ ಮಾಡು" ಎಂಬ ನಿಯಮಗಳಾಗಿ ಬರೆದು, ಆ ನಿಯಮಗಳ ಮೇಲೆ ಕಂಪ್ಯೂಟರ್ ಸಲಹೆ ಕೊಡುವಂತೆ ಮಾಡುವುದು.

ಈಗ ಎಲ್ಲರ ಬಾಯಲ್ಲೂ ಎಐ. ಅದರ ಮುಂದೆ ಇದು ಹಳೇ ಸರಕು ಅನ್ನಿಸಬಹುದು. ಆದರೆ ನಮ್ಮ ಭಾಗದ ಸಣ್ಣ, ಮಧ್ಯಮ ಉದ್ಯಮಗಳಿಗೆ ಈ ಹಳೇ ಉಪಾಯವೇ ಜಾಸ್ತಿ ಹೊಂದುತ್ತದೆ ಎಂದು ನಾನು ನಂಬಿದ್ದೇನೆ. ಸಾಫ್ಟ್‌ವೇರ್ ಇದರಲ್ಲಿ ಸುಲಭದ ಭಾಗ. ಗೊತ್ತಿರುವವರ ಪಕ್ಕ ಕೂತು ತಾಳ್ಮೆಯಿಂದ ಕೇಳಿ ಬರೆದುಕೊಳ್ಳುವುದು ಕಷ್ಟ. ಬರೆದದ್ದನ್ನು ವರ್ಷವರ್ಷವೂ ತಿದ್ದುತ್ತಾ ಹೋಗುವುದು ಇನ್ನೂ ಕಷ್ಟ. ಅದಕ್ಕೇ ಈ ಲೇಖನದಲ್ಲಿ ಆ ಎರಡರ ಬಗ್ಗೆಯೇ ಹೆಚ್ಚು ಹೇಳುತ್ತೇನೆ.

ಒಳಗೆ ಏನಿರುತ್ತದೆ?

ಎಕ್ಸ್‌ಪರ್ಟ್ ಸಿಸ್ಟಮ್‌ನಲ್ಲಿ ಎರಡು ಭಾಗ. ಒಂದು ನಿಯಮಗಳ ಕಟ್ಟು. ಇನ್ನೊಂದು, ಆ ನಿಯಮಗಳನ್ನು ಕಣ್ಣ ಮುಂದಿರುವ ಸಂಗತಿಗೆ ಹೊಂದಿಸಿ ತೀರ್ಮಾನ ತೆಗೆಯುವ ಎಂಜಿನ್. ಇವೆರಡೂ ಬೇರೆಬೇರೆ ಇರುವುದರಲ್ಲೇ ಇದರ ಜಾಣತನ ಇದೆ. ಸಾಮಾನ್ಯ ಬಿಲ್ಲಿಂಗ್ ಸಾಫ್ಟ್‌ವೇರ್‌ನಲ್ಲಿ ನಿಯಮವೂ ಪ್ರೋಗ್ರಾಮೂ ಒಂದರೊಳಗೊಂದು ಕಲಸಿಹೋಗಿರುತ್ತವೆ. ಸಣ್ಣದೊಂದು ನಿಯಮ ಬದಲಾದರೂ ಪ್ರೋಗ್ರಾಮರ್‌ಗೆ ಫೋನ್ ಮಾಡಬೇಕು. ಇಲ್ಲಿ ಹಾಗಲ್ಲ. ನಿಯಮದ ಪಟ್ಟಿಯಲ್ಲಿ ಒಂದು ಸಾಲು ತಿದ್ದಿದರೆ ಸಾಕು, ಎಂಜಿನ್ ತನ್ನ ಪಾಡಿಗೆ ಹಾಗೇ ಇರುತ್ತದೆ.

ಬ್ಯಾಡಗಿ ಮೆಣಸಿನಕಾಯಿಯನ್ನೇ ಉದಾಹರಣೆಗೆ ಇಟ್ಟುಕೊಳ್ಳೋಣ. ಖಾರ ಕಡಿಮೆ, ಬಣ್ಣ ಜಾಸ್ತಿ, ಮೈತುಂಬ ಸುಕ್ಕು. ಕಡ್ಡಿ, ಡಬ್ಬಿ ಎಂದು ಎರಡು ಬಗೆ. 2011ರಲ್ಲಿ ಇದಕ್ಕೆ ಜಿಐ ಟ್ಯಾಗ್, ಅಂದರೆ ಊರಿನ ಹೆಸರಿಗೆ ರಕ್ಷಣೆ ಕೊಡುವ ಗುರುತು, ಸಿಕ್ಕಿತು. ಅಡುಗೆಗಷ್ಟೇ ಅಲ್ಲ, ಇದರಿಂದ ಓಲಿಯೋರೆಸಿನ್ ಎಂಬ ಗಟ್ಟಿ ಸಾರ ತೆಗೆದು ತಿನಿಸುಗಳಿಗೂ ಸೌಂದರ್ಯವರ್ಧಕಗಳಿಗೂ ಬಣ್ಣವಾಗಿ ಬಳಸುತ್ತಾರೆ. ಬಣ್ಣದ ಗಾಢತೆಯನ್ನು ಲ್ಯಾಬ್‌ನಲ್ಲಿ ಆಸ್ಟಾ ಯುನಿಟ್‌ಗಳಲ್ಲಿ ಅಳೆಯುತ್ತಾರೆ. ಆದರೆ ಮಾರುಕಟ್ಟೆ ದಿನ ಬೆಳಿಗ್ಗೆ ಅಂಗಳದ ತುಂಬಾ ಚೀಲ ಬಿದ್ದಿರುವಾಗ, ಟೆಂಡರ್‌ಗೆ ದರ ಹಾಕುವ ಮೊದಲು ಒಂದೊಂದು ಲಾಟನ್ನೂ ಲ್ಯಾಬ್‌ಗೆ ಕಳಿಸಲು ಯಾರಿಗೂ ಪುರುಸೊತ್ತು ಇರುವುದಿಲ್ಲ. ಅಲ್ಲಿ ನಡೆಯುವುದು ಕಣ್ಣು, ಕೈ, ಮೂಗಿನ ಲೆಕ್ಕ.

ಆ ಲೆಕ್ಕವನ್ನು ಎಂಜಿನ್ ಎರಡು ದಾರಿಯಲ್ಲಿ ನಡೆಸಬಹುದು. ಮೊದಲನೆಯದು ಮುಂದಕ್ಕೆ ಹೋಗುವ ದಾರಿ. ತೇವ ಇಷ್ಟು, ಬಣ್ಣ ಹೀಗಿದೆ, ಬಿಳಿಚಿದ ಕಾಯಿ ಇಷ್ಟಿವೆ ಎಂದು ಗೊತ್ತಿರುವುದನ್ನೆಲ್ಲ ಮೊದಲೇ ಕೊಡುತ್ತೀರಿ. ಯಾವ ನಿಯಮ ಹೊಂದುತ್ತದೋ ಅದು ಕೆಲಸ ಮಾಡುತ್ತದೆ, ಅದರಿಂದ ಹೊಸ ಸಂಗತಿ ಹುಟ್ಟುತ್ತದೆ, ಅದು ಇನ್ನೊಂದು ನಿಯಮವನ್ನು ಎಬ್ಬಿಸುತ್ತದೆ. ಹೀಗೆ ಕೊನೆಗೆ "ಪುಡಿಗೆ ಅಡ್ಡಿಯಿಲ್ಲ, ಕೋಲ್ಡ್ ಸ್ಟೋರೇಜ್‌ಗೆ ಬೇಡ" ಎಂಬ ಉತ್ತರ ಬರುತ್ತದೆ.

ಎರಡನೆಯದು ಹಿಂದಕ್ಕೆ ಬರುವ ದಾರಿ. "ಇದನ್ನು ಕೋಲ್ಡ್ ಸ್ಟೋರೇಜ್‌ಗೆ ಹಾಕಬಹುದಾ?" ಎಂಬ ಪ್ರಶ್ನೆಯಿಂದ ಸಿಸ್ಟಮ್ ಶುರು ಮಾಡುತ್ತದೆ. ಹಾಕಬೇಕಾದರೆ ಏನೇನು ನಿಜವಾಗಿರಬೇಕು ಎಂದು ಹುಡುಕುತ್ತದೆ. ಬೇಕಾದ ಪ್ರಶ್ನೆಯನ್ನಷ್ಟೇ ಕೇಳುತ್ತದೆ. ತೊಟ್ಟಿನ ಬುಡದಲ್ಲಿ ಬೂಸ್ಟು ಕಂಡಿತು ಎಂದರೆ ಅಲ್ಲಿಗೆ ಮುಗಿಯಿತು, ಬಣ್ಣದ ಬಗ್ಗೆ ಕೇಳುವುದೇ ಇಲ್ಲ. ಅನುಭವಿಗಳು ಮಾಡುವುದೂ ಇದನ್ನೇ ಅಲ್ವಾ? ಎರಡು ಪ್ರಶ್ನೆಯಲ್ಲಿ ವಿಷಯಕ್ಕೆ ಬರುತ್ತಾರೆ.

ಇನ್ನೊಂದು ಗುಣ ನನಗೆ ಎಲ್ಲಕ್ಕಿಂತ ಮುಖ್ಯ ಅನ್ನಿಸುತ್ತದೆ. "ಯಾಕೆ?" ಎಂದು ಕೇಳಿದರೆ ಇದು ಉತ್ತರ ಕೊಡುತ್ತದೆ. ಯಾವ ನಿಯಮ, ಯಾವ ಸಂಗತಿ ಸೇರಿ ಈ ತೀರ್ಮಾನವಾಯಿತು ಎಂದು ಸಾಲುಸಾಲಾಗಿ ತೋರಿಸುತ್ತದೆ. ತಪ್ಪಿದ್ದರೆ ಆ ಸಾಲಿನ ಮೇಲೆ ಬೆರಳಿಟ್ಟು ತಿದ್ದಬಹುದು. ದುಡ್ಡಿನ ವ್ಯವಹಾರದಲ್ಲಿ ಇದು ಸಣ್ಣ ಸಂಗತಿ ಅಲ್ಲ. ರೈತ ಎದುರು ನಿಂತು "ನನ್ನ ಮಾಲು ಯಾಕ್ ಬ್ಯಾಡ್ರಿ?" ಎಂದು ಕೇಳಿದಾಗ ಕಂಪ್ಯೂಟರ್ ಹೇಳಿತು ಎನ್ನುವುದು ಉತ್ತರವಾಗುವುದಿಲ್ಲ.

ಬೇರೆಯವರು ಮಾಡಿ ನೋಡಿದ್ದು

1965ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ಎಡ್ವರ್ಡ್ ಫೈಗನ್‌ಬಾಮ್, ಜೋಶುವಾ ಲೆಡರ್‌ಬರ್ಗ್ ಮತ್ತು ಸಂಗಡಿಗರು ಡೆಂಡ್ರಲ್ ಎಂಬ ಕಂಪ್ಯೂಟರ್ ಪ್ರೋಗ್ರಾಮ್ ಶುರುಮಾಡಿದರು. ರಾಸಾಯನಿಕ ವಸ್ತುವಿನ ಅಣುರಚನೆ ಊಹಿಸುವುದು ಅದರ ಕೆಲಸ. ಮುಂದೆ 1970ರ ದಶಕದಲ್ಲಿ ಅಲ್ಲಿಯೇ ಮೈಸಿನ್ ಬಂತು. ರಕ್ತದ ಸೋಂಕು, ಮೆದುಳುಪೊರೆಯ ಸೋಂಕಿಗೆ ಯಾವ ಆಂಟಿಬಯಾಟಿಕ್ ಕೊಡಬೇಕು ಎಂದು ಅದು ಸಲಹೆ ಕೊಡುತ್ತಿತ್ತು. ಸುಮಾರು 600 ನಿಯಮ. ಪ್ರತಿ ನಿಯಮಕ್ಕೂ ಎಷ್ಟರಮಟ್ಟಿಗೆ ನಂಬಬಹುದು ಎಂದು ಒಂದು ಅಂಕ. "ಬಹುತೇಕ ಹೌದು", "ಸ್ವಲ್ಪ ಅನುಮಾನ" ಎಂಬುದನ್ನೂ ಲೆಕ್ಕಕ್ಕೆ ತಂದ ಉಪಾಯ ಅದು.

ಮೈಸಿನ್‌ಗೆ ಪರೀಕ್ಷೆಯನ್ನೂ ಇಟ್ಟರು. ಕೆಲವು ರೋಗಿಗಳ ವಿವರಕ್ಕೆ ಮೈಸಿನ್ ಕೊಟ್ಟ ಉತ್ತರವನ್ನೂ ಡಾಕ್ಟರುಗಳ ಉತ್ತರವನ್ನೂ ಬೆರೆಸಿ, ಯಾವುದು ಯಾರದು ಎಂದು ಹೇಳದೆ ಬೇರೆ ತಜ್ಞರ ಮುಂದೆ ಇಟ್ಟರು. 1979ರಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ ಮೈಸಿನ್‌ನ 65% ಸಲಹೆಗಳನ್ನು ತಜ್ಞರು ಒಪ್ಪಿದರು. ಅಲ್ಲಿನ ತಜ್ಞ ವೈದ್ಯರ ಸಲಹೆಗಳಿಗೆ ಸಿಕ್ಕ ಒಪ್ಪಿಗೆ 42.5% ರಿಂದ 62.5% ರ ನಡುವೆ. ಇಷ್ಟಾದರೂ ಮೈಸಿನ್ ಯಾವ ಆಸ್ಪತ್ರೆಯಲ್ಲೂ ದಿನನಿತ್ಯದ ಬಳಕೆಗೆ ಬರಲಿಲ್ಲ. ಡಾಕ್ಟರ್ ಕೀಲಿಮಣೆ ಮುಂದೆ ಕೂತು ಉದ್ದಕ್ಕೂ ಪ್ರಶ್ನೆಗಳಿಗೆ ಉತ್ತರ ಕೊಡಬೇಕಿತ್ತು. ಸಲಹೆ ತಪ್ಪಾದರೆ ಹೊಣೆ ಯಾರು ಎಂಬುದಕ್ಕೂ ಉತ್ತರ ಇರಲಿಲ್ಲ. ಜಾಣತನ ಇದ್ದರೆ ಸಾಲದು, ಕೆಲಸದ ನಡುವೆ ಅದಕ್ಕೆ ಜಾಗ ಇರಬೇಕು.

ನಮ್ಮ ಹುಬ್ಬಳ್ಳಿಗೆ ಹತ್ತಿರ ಅನ್ನಿಸುವ ಕಥೆ ಜನರಲ್ ಎಲೆಕ್ಟ್ರಿಕ್ ಕಂಪನಿಯದು. ಡೀಸೆಲ್ ರೈಲು ಎಂಜಿನ್ ಕೆಟ್ಟು ನಿಂತಾಗ ದೋಷ ಹಿಡಿಯುವುದರಲ್ಲಿ ಡೇವಿಡ್ ಸ್ಮಿತ್ ಎಂಬ ಹಿರಿಯ ಎಂಜಿನಿಯರ್ ಹೆಸರುವಾಸಿ. ಅವರ ನಿವೃತ್ತಿ ಹತ್ತಿರ ಬಂದಿತ್ತು. ಕಂಪನಿ 1980ರ ದಶಕದ ಆರಂಭದಲ್ಲಿ ಅವರನ್ನು ಕೂರಿಸಿಕೊಂಡು, ದೋಷ ಹುಡುಕುವ ಅವರ ಕ್ರಮವನ್ನು ನಿಯಮಗಳಾಗಿ ಬರೆಸಿತು. ಶೆಡ್‌ನಲ್ಲಿರುವ ಮೆಕ್ಯಾನಿಕ್ ಪರದೆಯ ಮೇಲಿನ ಪ್ರಶ್ನೆಗೆ ಉತ್ತರ ಕೊಡುತ್ತಾ ಹೋದರೆ, ಯಾವ ಭಾಗ ಬಿಚ್ಚಬೇಕು ಎಂದು ಚಿತ್ರ ಸಮೇತ ತೋರಿಸುತ್ತಿತ್ತು. ಹುಬ್ಬಳ್ಳಿಯ ಡೀಸೆಲ್ ಲೋಕೋ ಶೆಡ್ ಬಗ್ಗೆ ತಿಳಿದವರಿಗೆ ಇದು ಎಂಥ ಕೆಲಸ ಎಂದು ವಿವರಿಸಬೇಕಿಲ್ಲ.

ಕ್ಯಾಂಪ್‌ಬೆಲ್ ಸೂಪ್ ಕಂಪನಿಯದೂ ಇಂಥದೇ ಕಥೆ. ಡಬ್ಬಿ ಆಹಾರವನ್ನು ಬೇಯಿಸಿ ಕ್ರಿಮಿಮುಕ್ತ ಮಾಡುವ ದೈತ್ಯ ಯಂತ್ರಗಳ ಬಗ್ಗೆ ಆಲ್ಡೊ ಸಿಮಿನೊ ಎಂಬವರಿಗೆ 40 ವರ್ಷಕ್ಕೂ ಹೆಚ್ಚಿನ ಅನುಭವ. ಅವರ ತಿಳಿವಳಿಕೆಯನ್ನು ಬರೆದು ಮುಗಿಸಿದಾಗ ಆದ ನಿಯಮಗಳು 151. ಈ ಅಂಕಿಯನ್ನು ಗಮನಿಸಿ. ಅಷ್ಟು ವರ್ಷದ ಅನುಭವದಲ್ಲಿ ದೋಷ ಹಿಡಿಯಲು ನಿಜಕ್ಕೂ ಬೇಕಾದ ಭಾಗ 151 ಸಾಲಿನಲ್ಲಿ ಹಿಡಿಯಿತು. ನಮ್ಮ ಒಂದು ಅಂಗಡಿಯ ಒಂದು ತೀರ್ಮಾನಕ್ಕೆ ಇನ್ನೂ ಕಡಿಮೆ ಸಾಕಾಗಬಹುದು.

ಇನ್ನು ವ್ಯಾಪಾರದಲ್ಲಿ ಎಲ್ಲಕ್ಕಿಂತ ಹೆಸರಾದದ್ದು ಎಕ್ಸ್‌ಕಾನ್. ಡಿಜಿಟಲ್ ಇಕ್ವಿಪ್‌ಮೆಂಟ್ ಎಂಬ ಕಂಪನಿ ವ್ಯಾಕ್ಸ್ ಕಂಪ್ಯೂಟರ್‌ಗಳನ್ನು ಮಾರುತ್ತಿತ್ತು. ಪ್ರತಿ ಗಿರಾಕಿಯ ಆರ್ಡರೂ ಬೇರೆ ಬೇರೆ, ಬಿಡಿಭಾಗಗಳು ನೂರಾರು. ಮಾರಾಟದವರು ಒಂದು ಕೇಬಲ್ ಬರೆಯಲು ಮರೆತರೆ ಗಿರಾಕಿಯ ಮನೆಬಾಗಿಲಲ್ಲಿ ಯಂತ್ರ ಜೋಡಣೆಯಾಗದೆ ಕೂರುತ್ತಿತ್ತು. ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದ ಜಾನ್ ಮೆಕ್‌ಡರ್ಮಟ್ ಆರ್ಡರ್ ಪರೀಕ್ಷಿಸುವ ಸಿಸ್ಟಮ್ ಬರೆದುಕೊಟ್ಟರು. 1980ರಲ್ಲಿ ಅದು ಕಾರ್ಖಾನೆಯಲ್ಲಿ ಕೆಲಸಕ್ಕೆ ನಿಂತಿತು. 1986ರ ಹೊತ್ತಿಗೆ 80,000 ಆರ್ಡರ್ ನೋಡಿತ್ತು, 95ರಿಂದ 98% ಸರಿ ಇರುತ್ತಿತ್ತು, ವರ್ಷಕ್ಕೆ ಸುಮಾರು 2.5 ಕೋಟಿ ಡಾಲರ್ ಉಳಿಸುತ್ತಿದೆ ಎಂದು ಅಂದಾಜು ಮಾಡಿದ್ದರು.

ಆದರೆ ಅದರ ಇನ್ನೊಂದು ಮುಖ ನೋಡಿ. ಸುಮಾರು 750 ನಿಯಮದಿಂದ ಶುರುವಾದದ್ದು 1987ರ ಹೊತ್ತಿಗೆ 6,000 ದಾಟಿತ್ತು. ಅದರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಪ್ರತಿ ವರ್ಷ ಬದಲಾಗುತ್ತಿತ್ತು. ಹೊಸ ಮಾಡೆಲ್ ಬಂದಾಗಲೆಲ್ಲ ನಿಯಮ ತಿದ್ದಬೇಕು. ಒಂದನ್ನು ತಿದ್ದಿದರೆ ಇನ್ನೆಲ್ಲೋ ಒಂದು ಅಲುಗಾಡುತ್ತಿತ್ತು. ಇದನ್ನು ನೋಡಿಕೊಳ್ಳಲಿಕ್ಕೇ ಒಂದು ತಂಡ ಬೇಕಾಯಿತು. 1980ರ ದಶಕದ ಕೊನೆಗೆ ಎಕ್ಸ್‌ಪರ್ಟ್ ಸಿಸ್ಟಮ್ ಬಗ್ಗೆ ಜಗತ್ತಿನಾದ್ಯಂತ ಉತ್ಸಾಹ ಇಳಿಯಲು ದೊಡ್ಡ ಕಾರಣಗಳಲ್ಲಿ ಇದೂ ಒಂದು. ಕಟ್ಟಲು ಎಲ್ಲರೂ ಮುಂದೆ ಬಂದರು, ಸಾಕಲು ಯಾರೂ ತಯಾರಿರಲಿಲ್ಲ.

ಯಾವ ಕೆಲಸಕ್ಕೆ ಹೊಂದುತ್ತದೆ?

ಪೂರ್ತಿ ವ್ಯಾಪಾರಕ್ಕೆ ಸಿಸ್ಟಮ್ ತರುತ್ತೇನೆ ಎಂದು ಹೊರಡಬೇಡಿ. ಒಂದು ತೀರ್ಮಾನ ಆರಿಸಿಕೊಳ್ಳಿ. ಅದು ಮತ್ತೆಮತ್ತೆ ಬರುವಂಥದ್ದಾಗಿರಬೇಕು. ಅದನ್ನು ಚೆನ್ನಾಗಿ ಮಾಡುವವರು ನಿಮ್ಮಲ್ಲೇ ಇರಬೇಕು, ಮಾಡಲಾಗದೆ ತಡವರಿಸುವವರೂ ಇರಬೇಕು. ಇಬ್ಬರೂ ಒಂದೇ ಥರ ಮಾಡುತ್ತಿದ್ದರೆ ಸಿಸ್ಟಮ್‌ನ ಅಗತ್ಯವೇ ಇಲ್ಲ.

ಫೋನ್ ಮೇಲೆ ಮಾತಾಡಿ ಬಗೆಹರಿಯುವ ಕೆಲಸವಾದರೆ ಇನ್ನೂ ಒಳ್ಳೆಯದು. ಇದು ಎಕ್ಸ್‌ಪರ್ಟ್ ಸಿಸ್ಟಮ್ ಕಟ್ಟುವವರು ಬಹಳ ಹಿಂದಿನಿಂದ ಬಳಸುವ ಪರೀಕ್ಷೆ. ಹುಬ್ಬಳ್ಳಿಯಿಂದ ಹೋದ ವಾಲ್ವ್ ಬೇರೆ ರಾಜ್ಯದಲ್ಲಿ ಸೋರುತ್ತಿದೆ ಎಂದುಕೊಳ್ಳಿ. ನಿಮ್ಮ ಹಿರಿಯ ಫಿಟ್ಟರ್ ಇಲ್ಲಿಂದಲೇ ನಾಲ್ಕು ಪ್ರಶ್ನೆ ಕೇಳಿ "ಗ್ಲ್ಯಾಂಡ್ ಪ್ಯಾಕಿಂಗ್ ಬಿಗಿ ಮಾಡ್ರಿ" ಎಂದು ಸರಿಪಡಿಸಬಲ್ಲರಾದರೆ, ಆ ನಾಲ್ಕು ಪ್ರಶ್ನೆ ನಿಯಮವಾಗುತ್ತವೆ. ಮುಟ್ಟಿ ನೋಡದೆ, ವಾಸನೆ ತಗೊಳ್ಳದೆ ಹೇಳಲು ಆಗುವುದೇ ಇಲ್ಲ ಎಂದರೆ ಸ್ವಲ್ಪ ಕಷ್ಟ. ಆಗಲೂ ದಾರಿ ಇದೆ: ಮುಟ್ಟುವುದನ್ನು ಮನುಷ್ಯ ಮಾಡಲಿ, ಮುಟ್ಟಿದಾಗ ಏನನ್ನಿಸಿತು ಎಂದು ಸಿಸ್ಟಮ್ ಕೇಳಲಿ.

ನಾಳೆ ಮೆಣಸಿನಕಾಯಿ ದರ ಏನಾಗುತ್ತದೆ ಎಂಬಂಥ ಪ್ರಶ್ನೆಗೆ ಇದು ಸುತರಾಂ ಹೊಂದುವುದಿಲ್ಲ. ಅಲ್ಲಿ ನಿಯಮ ಹೇಳಬಲ್ಲ ಪರಿಣಿತರೇ ಇಲ್ಲ.

ಕೂತು ಕೇಳುವುದು

ಈಗ ಮುಖ್ಯ ವಿಷಯಕ್ಕೆ ಬರೋಣ. ಬ್ಯಾಡಗಿಯಲ್ಲಿ ಒಂದು ಅಂಗಡಿ ಇದೆ ಎಂದು ಊಹಿಸಿಕೊಳ್ಳಿ. ಮಾಲು ನೋಡಿ ತೆಗೆದುಕೊಳ್ಳುವವರು ಒಬ್ಬ ಹಿರಿಯರು. ಎಲ್ಲರೂ ಅವರನ್ನು ಕಾಕಾ ಎನ್ನುತ್ತಾರೆ. ಸಾಹುಕಾರರ ಮಗಳು ಎಂಜಿನಿಯರಿಂಗ್ ಮುಗಿಸಿ ಬಂದಿದ್ದಾಳೆ, ನಿಯಮ ಬರೆಯಲು ಕೂತಿದ್ದಾಳೆ.

"ಒಳ್ಳೇ ಮಾಲು ಹೆಂಗ ಗುರುತಸ್ತೀರಿ?" ಎಂದು ಶುರುಮಾಡಿದರೆ ಕೆಲಸ ಆಗುವುದಿಲ್ಲ. "ನೋಡಿದ್ರ ಗೊತ್ತಾಗತೈತಿ" ಎಂಬ ಉತ್ತರ ಬರುತ್ತದೆ. ಅದು ಗುಟ್ಟು ಮುಚ್ಚಿಡುವ ಮಾತಲ್ಲ. ಅವರಿಗೆ ನಿಜಕ್ಕೂ ಹಾಗೇ ಅನ್ನಿಸುತ್ತದೆ. ಎಷ್ಟೋ ವರ್ಷ ಕೈಯಲ್ಲಿ ಓಡಾಡಿದ ವಿದ್ಯೆ ಬಾಯಿಗೆ ಸುಲಭವಾಗಿ ಬರುವುದಿಲ್ಲ. ಅದಕ್ಕೇ ಮಾಲಿನ ಮುಂದೆಯೇ ನಿಂತು, ಆಗಷ್ಟೇ ಮಾಡಿದ ಒಂದು ತೀರ್ಮಾನದ ಬಗ್ಗೆ ಕೇಳಬೇಕು.

"ಕಾಕಾ, ಈ ಚೀಲ ಯಾಕ ಬ್ಯಾಡ ಅಂದ್ರಿ?"

"ಹಸಿ ಐತಿ ನೋಡವ್ವಾ."

"ಮೀಟರ್‌ನ್ಯಾಗ ಹತ್ತೂವರಿ ತೋರಸಾಕತ್ತೈತಲ್ರಿ?"

"ಅದು ಮ್ಯಾಲಿನ ಕಾಯಿದು. ಚೀಲದ ನಡಕ ಕೈ ಹಾಕಿ ನೋಡು."

"ನಡುವಿನ ಕಾಯಿನೂ ಒಣಗಿದಂಗ ಕಾಣತಾವಲ್ರಿ. ಹೆಂಗ ಗೊತ್ತಾತು?"

"ಮಡಚಿದೆ, ಮುರೀಲಿಲ್ಲ, ಬಾಗಿತು. ಆದ್ರ ಕಿವಿ ಹತ್ರ ಹಿಡದು ಅಲ್ಲಾಡಸು, ಬೀಜ ಗಲಗಲ ಅಂತಾವ. ಅಂದ್ರ ಒಳಗ ಒಣಗೇತಿ. ತುಂಬೂ ಮುಂದ ಕಾಯಿ ಪುಡಿ ಆಗಬಾರದಂತ ನೀರು ಚಿಮುಕಿಸ್ಯಾರ, ಅದು ನಡುವಿಗೆ ಹಂಗ ಉಳದೈತಿ. ಕಾಯಿನ ಹಸಿ ಇದ್ದಿದ್ರ ಬೀಜಾನೂ ಸಪ್ಪಳ ಮಾಡತಿರಲಿಲ್ಲ."

ಈ ನಾಲ್ಕು ಮಾತಿನಲ್ಲಿ ಎಷ್ಟು ಸಿಕ್ಕಿತು ನೋಡಿ. ಮೀಟರ್‌ಗೆ ತೇವ ಒಂದೇ ಅಂಕಿ. ಕಾಕಾಗೆ ಅದು ಎರಡು ಬಗೆ. ಹುಡುಗಿ ಹೀಗೆ ಬರೆದುಕೊಂಡಳು:

ಸ್ಯಾಂಪಲ್ ಚೀಲದ ನಡುವಿನಿಂದ ತೆಗೆದದ್ದಲ್ಲ ಎಂದಾದರೆ, ಮೀಟರ್ ಅಂಕಿಯನ್ನು ಲೆಕ್ಕಕ್ಕೆ ತಗೋಬೇಡ, ಮತ್ತೆ ತೆಗೆ.

ಕಾಯಿ ಬಾಗುತ್ತದೆ, ಬೀಜ ಸದ್ದು ಮಾಡುತ್ತದೆ ಎಂದಾದರೆ, ತೇವ ಮೇಲಿನಿಂದ ಬಂದದ್ದು.

ಕಾಯಿ ಬಾಗುತ್ತದೆ, ಬೀಜ ಸದ್ದು ಮಾಡುವುದಿಲ್ಲ ಎಂದಾದರೆ, ಕಾಯಿಯೇ ಸರಿಯಾಗಿ ಒಣಗಿಲ್ಲ. ತೊಟ್ಟು ಕಿತ್ತು ಬೂಸ್ಟು ಇದೆಯಾ ನೋಡು.

ಆಮೇಲೆ ಕೇಳಬೇಕಾದ ಪ್ರಶ್ನೆಯೇ ಬಹಳ ಜನ ಮರೆಯುವಂಥದ್ದು: "ಹಂಗಿದ್ರೂ ಯಾವಾಗರ ತಗೊಂಡೀರೇನ್ರಿ?" ಆಗ ಹೊರಬರುತ್ತದೆ. ಮೇಲಿನ ತೇವವಾಗಿದ್ದು, ಬಿಸಿಲು ಚೆನ್ನಾಗಿದ್ದು, ಅಂಗಳ ಖಾಲಿ ಇದ್ದು, ಹರವಿ ಒಣಗಿಸಲು ಸಮಯ ಇದ್ದರೆ ದರ ಇಳಿಸಿ ತಗೊಳ್ಳುತ್ತಾರೆ. ಕೂಡಲೇ ಪುಡಿ ಮಾಡುವ ಮಾಲಾದರೆ ಒಂದು ಲೆಕ್ಕ, ಕೋಲ್ಡ್ ಸ್ಟೋರೇಜ್‌ನಲ್ಲಿ ತಿಂಗಳುಗಟ್ಟಲೆ ಇಡುವುದಾದರೆ ಬೇರೆ ಲೆಕ್ಕ. ನಿಯಮಕ್ಕಿಂತ ಈ ವಿನಾಯಿತಿಗಳಲ್ಲೇ ಅನುಭವ ಜಾಸ್ತಿ ಅಡಗಿರುತ್ತದೆ. ನಾನು ಈ ಕೆಲಸಕ್ಕೆ ಯಾರನ್ನಾದರೂ ಕಳಿಸುವುದಾದರೆ ಪ್ರೋಗ್ರಾಮಿಂಗ್ ಚೆನ್ನಾಗಿ ಬಲ್ಲವರಿಗಿಂತ, ಇಂಥ ಪ್ರಶ್ನೆ ಕೇಳಿ ಸುಮ್ಮನೆ ಕಾಯಬಲ್ಲವರನ್ನು ಕಳಿಸುತ್ತೇನೆ.

ಕೇಳಿಸಿಕೊಂಡದ್ದನ್ನು ಹೊರಗಿನ ತಿಳಿವಳಿಕೆಯ ಜೊತೆ ತಾಳೆ ನೋಡುವುದೂ ಬೇಕು. ಇಡೀ ಒಣಮೆಣಸಿನಕಾಯಿಯಲ್ಲಿ ತೇವ 11% ಮೀರಬಾರದು ಎಂದು ಆಹಾರ ಸುರಕ್ಷತಾ ನಿಯಮವೇ ಇದೆ. ತೇವ ಉಳಿದ ಕಾಯಿಯಲ್ಲಿ ಬೂಸ್ಟು ಹಿಡಿದರೆ ಅಫ್ಲಾಟಾಕ್ಸಿನ್ ಎಂಬ ವಿಷ ಸೇರಿಕೊಳ್ಳುವ ಅಪಾಯವಿದೆ. ಅದು ಕಣ್ಣಿಗೆ ಕಾಣುವುದಿಲ್ಲ, ಲ್ಯಾಬ್‌ನಲ್ಲೇ ಗೊತ್ತಾಗಬೇಕು. ಯುರೋಪಿನ ಮಿತಿಯಂತೂ ಬಹಳ ಬಿಗಿ: ಒಂದು ಕಿಲೋದಲ್ಲಿ ಒಟ್ಟು 10 ಮೈಕ್ರೋಗ್ರಾಂ. ಹಾಗಾಗಿ ರಫ್ತಿಗೆ ಹೋಗುವ ಮಾಲಾದರೆ ಕಾಕಾನ ಕೈ ಹೌದು ಎಂದರೂ "ಲ್ಯಾಬ್ ರಿಪೋರ್ಟ್ ಬರುವವರೆಗೆ ತಡೆ" ಎಂಬ ನಿಯಮ ಮೇಲೆ ಕೂರಬೇಕು. ಇಂಥ ಕಡೆ ಧಾರವಾಡದ ಕೃಷಿ ವಿಶ್ವವಿದ್ಯಾಲಯದವರ ಸಲಹೆ ತಗೊಂಡರೆ ಒಳ್ಳೆಯದು.

ಹಿರಿಯರ ಮನಸ್ಸಿನಲ್ಲಿ ಏನಿರುತ್ತದೆ

ಇದನ್ನು ತಾಂತ್ರಿಕ ಲೇಖನಗಳು ಒಂದು ಸಾಲಿನಲ್ಲಿ ಮುಗಿಸುತ್ತವೆ. ನನಗೆ ಇದು ನಿಯಮಗಳಷ್ಟೇ ದೊಡ್ಡ ವಿಷಯ. "ಎಲ್ಲಾ ಬರಕೊಂಡ ಮ್ಯಾಲ ನನ್ನ ಮನಿಗೆ ಕಳಸ್ತಾರೇನು?" ಎಂಬ ಅನುಮಾನ ಆ ಹಿರಿಯರಿಗೆ ಬರದೇ ಇರುವುದಿಲ್ಲ. ಅನುಮಾನ ಇದ್ದವರು ಅರ್ಧ ಹೇಳುತ್ತಾರೆ, ಅರ್ಧ ನುಂಗುತ್ತಾರೆ. ಅವರನ್ನು ದೂರಿ ಉಪಯೋಗವಿಲ್ಲ. ಆ ವಿದ್ಯೆಯೇ ಅವರ ಅನ್ನ.

ಮಾಲೀಕರು ಮೊದಲ ದಿನವೇ ಬಾಯಿಬಿಟ್ಟು ಮಾತು ಕೊಡಬೇಕು, ಆ ಮಾತು ಉಳಿಸಿಕೊಳ್ಳಲೂಬೇಕು. ಕೆಲಸ ಇರುತ್ತದೆ, ಸಂಬಳ ಕಡಿಮೆಯಾಗುವುದಿಲ್ಲ. ನಿಯಮ ಬರೆಯಲು ಕೂತ ಹೊತ್ತಿಗೂ ದುಡ್ಡಿದೆ. ಇನ್ನು ಮುಂದೆ ಮಾಮೂಲಿ ಲಾಟ್‌ಗಳನ್ನು ಹುಡುಗರು ಸಿಸ್ಟಮ್ ನೋಡಿ ಮಾಡುತ್ತಾರೆ, ತೊಡಕಿನ ಲಾಟ್ ಮಾತ್ರ ಅವರ ಹತ್ತಿರ ಬರುತ್ತದೆ. ನಿಯಮ ಸರಿಯೋ ತಪ್ಪೋ ಎಂದು ಕೊನೆಯ ಮಾತು ಹೇಳುವವರೂ ಅವರೇ. ಹೀಗೆ ಮಾಡಿದರೆ ದಿನವಿಡೀ ಬಿಸಿಲಲ್ಲಿ ನಿಲ್ಲುವ ಕಷ್ಟ ಕಡಿಮೆಯಾಗುತ್ತದೆ, ಮಾತಿನ ತೂಕ ಹಾಗೇ ಉಳಿಯುತ್ತದೆ. ಸುಮ್ನೆ ಸನ್ಮಾನ ಮಾಡಿ ಶಾಲು ಹೊದಿಸಿದರೆ ಈ ಅನುಮಾನ ಹೋಗುವುದಿಲ್ಲ.

ಇಬ್ಬರು ಅನುಭವಿಗಳಿದ್ದರೆ ಅವರ ಅಭಿಪ್ರಾಯ ಬೇರೆಬೇರೆ ಬರುತ್ತದೆ. ಇಬ್ಬರನ್ನೂ ಒಟ್ಟಿಗೆ ಕೂರಿಸಿ ವಾದಕ್ಕೆ ಹಚ್ಚಬೇಡಿ. ಮೊದಲು ಬೇರೆಬೇರೆ ಕೇಳಿ, ಎಲ್ಲಿ ಒಪ್ಪುತ್ತಾರೋ ಅಲ್ಲಿಂದ ಶುರುಮಾಡಿ.

ಕಟ್ಟುವುದು, ಪರೀಕ್ಷಿಸುವುದು

ಕಟ್ಟುವ ಕೆಲಸ ನೀವು ಅಂದುಕೊಂಡಷ್ಟು ದೊಡ್ಡದಲ್ಲ. 30-40 ನಿಯಮದವರೆಗೆ ಎಕ್ಸೆಲ್ ಶೀಟ್ ಸಾಕು. ಅಡ್ಡಕ್ಕೆ ಒಂದೊಂದು ಸಂಗತಿ, ಉದ್ದಕ್ಕೆ ಒಂದೊಂದು ನಿಯಮ, ಕೊನೆಯ ಕಾಲಂನಲ್ಲಿ ತೀರ್ಮಾನ. ಅದರ ಪಕ್ಕ ಇನ್ನೊಂದು ಕಾಲಂ ಇರಲಿ: ಈ ನಿಯಮ ಯಾರು ಹೇಳಿದ್ದು, ಯಾವ ದಿನ, ಯಾವ ಲಾಟ್ ನೋಡಿ. ಈ ಕಾಲಂ ಮುಂದೆ ಬಹಳ ಉಪಕಾರಕ್ಕೆ ಬರುತ್ತದೆ. ಇದಕ್ಕಿಂತ ದೊಡ್ಡದಾದರೆ ಕ್ಲಿಪ್ಸ್ ಎಂಬ ಸಾಫ್ಟ್‌ವೇರ್ ಇದೆ. ನಾಸಾದವರು 1985ರಲ್ಲಿ ಶುರುಮಾಡಿದ್ದು, ಈಗ ಯಾರು ಬೇಕಾದರೂ ಉಚಿತವಾಗಿ ಬಳಸಬಹುದು. ಹುಬ್ಬಳ್ಳಿ-ಧಾರವಾಡದ ಎಂಜಿನಿಯರಿಂಗ್ ಕಾಲೇಜುಗಳ ಕೊನೇ ವರ್ಷದ ವಿದ್ಯಾರ್ಥಿಗಳು ಪ್ರಾಜೆಕ್ಟ್ ಆಗಿ ಇದನ್ನು ಮಾಡಬಲ್ಲರು. ಆದರೆ ಪ್ರಾಜೆಕ್ಟ್ ಮುಗಿದ ಮೇಲೆ ಅವರು ಬೆಂಗಳೂರಿಗೋ ಪುಣೆಗೋ ಹೋಗುತ್ತಾರೆ. ನಿಯಮದ ಪಟ್ಟಿ, ಪಾಸ್‌ವರ್ಡ್, ಎಲ್ಲವೂ ನಿಮ್ಮ ಅಂಗಡಿಯವರ ಕೈಯಲ್ಲೇ ಇರುವಂತೆ ನೋಡಿಕೊಳ್ಳಿ.

ಪರದೆಯ ಮೇಲಿನ ಪ್ರಶ್ನೆ ಕನ್ನಡದಲ್ಲಿರಲಿ, ಅದೂ ಅಂಗಳದಲ್ಲಿ ಆಡುವ ಕನ್ನಡದಲ್ಲಿ. ಪ್ರಶ್ನೆ ಐದಾರು ಇದ್ದರೆ ಸಾಕು. ಚೀಲದ ಮುಂದೆ ನಿಂತವರಿಗೆ ಒಂದು ಕೈಯಲ್ಲಿ ಕಾಯಿ ಇರುತ್ತದೆ, ಇನ್ನೊಂದರಲ್ಲಿ ಫೋನ್. ಒತ್ತಿದರೆ ಮುಗಿಯಬೇಕು. ಮೈಸಿನ್ ಎಡವಿದ್ದು ಇಲ್ಲೇ.

ಪರೀಕ್ಷೆಯನ್ನು ಮಾತ್ರ ಮೈಸಿನ್‌ನವರ ಹಾಗೇ ಮಾಡಿ. ಸ್ಯಾಂಪಲ್ ತಟ್ಟೆಗಳಿಗೆ ನಂಬರ್ ಹಾಕಿ, ಸಿಸ್ಟಮ್ ಏನು ಹೇಳಿತು ಎಂದು ತಿಳಿಸದೆ ಕಾಕಾನ ಮುಂದಿಡಿ. ಎರಡೂ ಉತ್ತರ ಹೊಂದದ ಕಡೆ ಕೂತು ಮಾತಾಡಿ. ಕೆಲವು ಸಲ ನಿಯಮ ತಪ್ಪಿರುತ್ತದೆ, ಕೆಲವು ಸಲ ಹುಡುಗ ಬಣ್ಣವನ್ನೇ ತಪ್ಪಾಗಿ ಗುರುತಿಸಿರುತ್ತಾನೆ. ಒಂದು ಇಡೀ ಹಂಗಾಮು ಸಿಸ್ಟಮ್ ಪಕ್ಕದಲ್ಲಿ ಸುಮ್ಮನೆ ಓಡಲಿ, ತೀರ್ಮಾನ ಕಾಕಾನದೇ ಇರಲಿ. ಒಳ್ಳೇ ಮಾಲನ್ನು ಬಿಡುವ ತಪ್ಪು, ಕೆಟ್ಟ ಮಾಲನ್ನು ತಗೊಳ್ಳುವ ತಪ್ಪು, ಎರಡನ್ನೂ ಬೇರೆಬೇರೆ ಎಣಿಸಿ. ಬಿಟ್ಟರೆ ಒಂದು ದಿನದ ಲಾಭ ಹೋಗುತ್ತದೆ. ಬೂಸ್ಟು ಹಿಡಿದ ಚೀಲ ಒಳಗೆ ಹೋದರೆ ಗೋದಾಮಿನ ಮಾಲಿಗೇ ಕುತ್ತು.

ಚಾಟ್‌ಜಿಪಿಟಿ ಇರುವಾಗ ಇದೆಲ್ಲ ಯಾಕೆ?

ಈ ಪ್ರಶ್ನೆ ಬಂದೇ ಬರುತ್ತದೆ. ಚಾಟ್‌ಜಿಪಿಟಿಯಂಥವು ಇಂಟರ್‌ನೆಟ್‌ನಲ್ಲಿರುವ ಬರಹವನ್ನು ಓದಿ ಕಲಿತವು. ನಿಮ್ಮ ಕಾಕಾ ಹೇಳಿದ್ದು ಅಲ್ಲಿ ಎಲ್ಲೂ ಬರೆದಿಲ್ಲ. ಕೇಳಿದರೆ ನಯವಾಗಿ, ಧೈರ್ಯವಾಗಿ ಏನೋ ಒಂದು ಹೇಳುತ್ತದೆ. ಅದೇ ಪ್ರಶ್ನೆಯನ್ನು ಇನ್ನೊಮ್ಮೆ ಕೇಳಿದರೆ ಬೇರೆ ಥರ ಹೇಳಬಹುದು. ಯಾಕೆ ಎಂದು ಕೇಳಿದರೆ ಕೊಡುವ ಕಾರಣ, ಅದು ನಿಜಕ್ಕೂ ಲೆಕ್ಕ ಹಾಕಿದ ದಾರಿಯೇ ಆಗಿರಬೇಕೆಂದಿಲ್ಲ. ದುಡ್ಡು ಕಟ್ಟುವ ತೀರ್ಮಾನವನ್ನು ಅದರ ಕೈಗೆ ಬಿಡಲು ನಾನಂತೂ ಒಪ್ಪುವುದಿಲ್ಲ.

ಆದರೆ ಕೆಲಸಗಾರನಾಗಿ ಅದು ಬಹಳ ಉಪಯೋಗಕ್ಕೆ ಬರುತ್ತದೆ. ಕಾಕಾನ ಜೊತೆ ಆಡಿದ ಮಾತನ್ನು ರೆಕಾರ್ಡ್ ಮಾಡಿ, ಬರಹಕ್ಕಿಳಿಸಿ, ಇದರಿಂದ ನಿಯಮಗಳ ಕರಡು ಮಾಡಿಕೊಡು ಎನ್ನಬಹುದು. ಎರಡು ನಿಯಮ ಒಂದಕ್ಕೊಂದು ಅಡ್ಡ ಬರುತ್ತವೆಯಾ, ಯಾವ ಸಂದರ್ಭ ಬಿಟ್ಟುಹೋಗಿದೆ ಎಂದು ಹುಡುಕಲು ಹಚ್ಚಬಹುದು. ಹಿಂದೆ ತಿಂಗಳುಗಟ್ಟಲೆ ಹಿಡಿಯುತ್ತಿದ್ದ ಈ ಕೆಲಸ ಈಗ ಬೇಗ ಮುಗಿಯುತ್ತದೆ. ಕರಡನ್ನು ಓದಿ ಒಪ್ಪಿಗೆ ಹಾಕುವವರು ಮಾತ್ರ ಕಾಕಾ. ಆಮೇಲೆ ತೀರ್ಮಾನ ತೆಗೆಯುವುದು ಆ ಒಪ್ಪಿದ ನಿಯಮಗಳು.

ಮುಂದಿನ ವರ್ಷಗಳು

ಮೆಣಸಿನಕಾಯಿಯಲ್ಲಿ ಹೊಸ ತಳಿ ಬರುತ್ತಲೇ ಇರುತ್ತದೆ. ಬ್ಯಾಡಗಿಯಂತೆ ಕಾಣುವ, ಆದರೆ ಬಣ್ಣ ಬೇಗ ಇಳಿಯುವ ಕಾಯಿ ಬಂದರೆ "ಸುಕ್ಕು ಜಾಸ್ತಿ ಇದ್ದರೆ ಒಳ್ಳೆಯದು" ಎಂಬ ನಿಯಮ ಕೈಕೊಡುತ್ತದೆ. ಆಹಾರ ಸುರಕ್ಷತಾ ಮಿತಿಗಳು ಬದಲಾಗುತ್ತವೆ. ಗಿರಾಕಿಯ ಬೇಡಿಕೆ ಬದಲಾಗುತ್ತದೆ. ಹಾಗಾಗಿ ನಿಯಮದ ಪಟ್ಟಿಗೆ ಒಬ್ಬರು ಯಜಮಾನರು ಬೇಕು. ಇದು ಅವರ ಕೆಲಸದ ಭಾಗ ಎಂದು ಬರವಣಿಗೆಯಲ್ಲೇ ಇರಲಿ. ಸಿಸ್ಟಮ್ ಒಂದು ಹೇಳಿ ಕಾಕಾ ಇನ್ನೊಂದು ಮಾಡಿದ ಪ್ರತಿ ಸಲವೂ ಒಂದು ಸಾಲು ಬರೆದಿಡಲಿ. ವಾರಕ್ಕೊಮ್ಮೆ ಅವುಗಳನ್ನು ನೋಡಲಿ. ಕೆಲಸಕ್ಕೆ ಬಾರದ ನಿಯಮವನ್ನು ತೆಗೆದುಹಾಕುವ ಧೈರ್ಯವೂ ಅವರಿಗಿರಲಿ. ಸೇರಿಸುತ್ತಾ ಹೋದರೆ ಎಕ್ಸ್‌ಕಾನ್ ಗತಿಯೇ ಆಗುತ್ತದೆ.

ಸಿಸ್ಟಮ್ ನೋಡಿ ಮಾಡಿದ ಖರೀದಿ ತಪ್ಪಾದರೆ ಹೊಣೆ ಯಾರದು ಎಂಬುದನ್ನು ಮೊದಲೇ ತೀರ್ಮಾನಿಸಿ. ನಿಯಮ ಪಾಲಿಸಿದ ಹುಡುಗನ ಸಂಬಳದಲ್ಲಿ ಹಿಡಿದರೆ ಮರುದಿನದಿಂದ ಯಾರೂ ಫೋನ್ ಮುಟ್ಟುವುದಿಲ್ಲ. ನಿಯಮ ಒಪ್ಪಿದ್ದು ಅಂಗಡಿ, ನಷ್ಟವೂ ಅಂಗಡಿಯದೇ.

ಶುರು ಮಾಡಲು ಒಳ್ಳೇ ಸಮಯ ಮಳೆಗಾಲ. ಆವಕ ಜೋರಾಗುವುದು ಜನವರಿಯಿಂದ ಮಾರ್ಚ್. ಆಗ ಯಾರಿಗೂ ಮಾತಾಡಲು ಬಿಡುವಿರುವುದಿಲ್ಲ. ಜೂನ್ ನಂತರ ಅಂಗಳ ಸ್ವಲ್ಪ ಖಾಲಿಯಾದಾಗ, ಕೋಲ್ಡ್ ಸ್ಟೋರೇಜ್‌ನಿಂದ ಬೇರೆಬೇರೆ ಲಾಟ್‌ನ ಹತ್ತಿಪ್ಪತ್ತು ಸ್ಯಾಂಪಲ್ ತರಿಸಿ. ಒಂದೊಂದನ್ನೇ ಅವರ ಕೈಗೆ ಕೊಟ್ಟು, ತಗೊಳ್ಳುತ್ತೀರಾ ಬಿಡುತ್ತೀರಾ, ಯಾಕೆ ಎಂದು ಕೇಳಿ. ಪಕ್ಕದಲ್ಲಿ ಬರೆಯುವವರು ಒಬ್ಬರು ಇರಲಿ. ಅಕ್ಟೋಬರ್ ಹೊತ್ತಿಗೆ ಮೊದಲ ಪಟ್ಟಿ ಸಿದ್ಧವಾದರೆ, ಹೊಸ ಮಾಲು ಬರುವಷ್ಟರಲ್ಲಿ ಹುಡುಗರಿಗೆ ಕಲಿಸಲು ಎರಡು ತಿಂಗಳು ಸಿಗುತ್ತದೆ.